ಹಳೆಯ ಮನೆಯ ಬಚ್ಚಲು ಹೊಸದು ಮಾಡಿಸುವಾಗ ಮೊದಲು ಕೊಳ್ಳಬೇಕಾದದ್ದು ಟೈಲ್ಸೋ, ನಲ್ಲಿ ಸಾಮಾನೋ?

ತುಳಸಿಕಟ್ಟೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮಾವನವರು 1988ರಲ್ಲಿ ಕಟ್ಟಿಸಿದ ಒಂದೇ ಅಂತಸ್ತಿನ ಮನೆಯಲ್ಲಿ ನಾವಿದ್ದೇವೆ. ಇದರ ಬಚ್ಚಲುಮನೆಯನ್ನು ಈ ಬೇಸಿಗೆಯಲ್ಲಿ ಪೂರ್ತಿಯಾಗಿ ಹೊಸದು ಮಾಡಿಸಬೇಕೆಂದು ತೀರ್ಮಾನಿಸಿದ್ದೇವೆ. ಎಂಟಡಿ ಉದ್ದ, ಐದಡಿ ಅಗಲದ ಕೋಣೆ. ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಗೆ ನಾಲ್ಕಡಿ ಎತ್ತರದವರೆಗೆ ಆ ಕಾಲದ ಆರಿಂಚಿನ ಬಿಳಿ ಟೈಲ್ಸ್, ಒಂದು ಮೂಲೆಯಲ್ಲಿ ಇಂಡಿಯನ್ ಕಮೋಡ್, ಇನ್ನೊಂದು ಮೂಲೆಯಲ್ಲಿ ಈಗ ಉಪಯೋಗಿಸದ ಹಂಡೆಯ ಕಟ್ಟೆ ಇವೆ. ಗೋಡೆಯೊಳಗಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳು ತುಕ್ಕು ಹಿಡಿದು, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಎರಡು ಚೊಂಬು ನೀರು ಕೆಂಪಗೆ ಬರುತ್ತದೆ. ಬಚ್ಚಲಿಗೆ ಅಂಟಿಕೊಂಡಿರುವ ಉಗ್ರಾಣದ ಗೋಡೆ ಮೂರಡಿಯವರೆಗೆ ತೇವ ಹೀರಿಕೊಂಡಿದೆ. ಎಷ್ಟು ಸಲ ಬಣ್ಣ ಹೊಡೆಸಿದರೂ ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಏಳುತ್ತದೆ.

ಕಳೆದ ಭಾನುವಾರ ಮೂರು ಟೈಲ್ಸ್ ಅಂಗಡಿಗಳಿಗೆ ಹೋಗಿ ಬಂದ ಮೇಲೆ ನಮ್ಮ ಗೊಂದಲ ಇನ್ನಷ್ಟು ಹೆಚ್ಚಾಗಿದೆ. ಒಬ್ಬರು, ನೆಲಕ್ಕೂ ಗೋಡೆಗೂ ಒಂದೇ ಬಗೆಯ ಎರಡಡಿ–ನಾಲ್ಕಡಿಯ ಹೊಳಪಿನ ವಿಟ್ರಿಫೈಡ್ ಟೈಲ್ಸ್ ಹಾಕಿಸಿದರೆ ಸಂದುಗಳು ಕಡಿಮೆಯಾಗಿ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದರು. ಇನ್ನೊಬ್ಬರು, ಹಳೆಯದನ್ನು ಒಡೆಯುವ ಅಗತ್ಯವೇ ಇಲ್ಲ, ಅಂಟು ಹಾಕಿ ಅದರ ಮೇಲೆಯೇ ಹೊಸ ಟೈಲ್ಸ್ ಕೂರಿಸಬಹುದು, ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದರು. ಮೂರನೆಯವರು ನೀರನ್ನು ನಲ್ಲಿಗೋ ಷವರಿಗೋ ತಿರುಗಿಸುವ, ಗೋಡೆಯೊಳಗೆ ಅಡಗುವ ಡೈವರ್ಟರ್, ಚಾವಣಿಯಿಂದ ಸುರಿಯುವ ದೊಡ್ಡ ಷವರ್ ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಬರೆದುಕೊಟ್ಟರು. ನಮ್ಮ ಮನೆಗೆ ಬರುವುದು ವಾಣಿ ವಿಲಾಸದ ನೀರು ಮತ್ತು ಕೊಳವೆಬಾವಿಯ ನೀರು, ಎರಡೂ ಒಂದೇ ಟ್ಯಾಂಕಿಗೆ. ಬೋರಿನ ನೀರು ಗಡಸಾದ್ದರಿಂದ ಬಕೆಟ್ಟಿನ ಅಂಚಿನಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ಬಿಸಿನೀರಿಗೆ ತಾರಸಿಯ ಮೇಲೆ ಸೋಲಾರ್ ಇದೆ.

ಇವೆಲ್ಲಕ್ಕಿಂತ ದೊಡ್ಡ ಚಿಂತೆಯೆಂದರೆ ನಮ್ಮ ಅತ್ತೆಯವರದ್ದು. ಅವರಿಗೆ 76 ವರ್ಷ, ಎರಡೂ ಮೊಣಕಾಲುಗಳಲ್ಲಿ ನೋವಿದೆ. ಹೋದ ದೀಪಾವಳಿಯ ಎಣ್ಣೆಸ್ನಾನದ ದಿನ ಕಾಲು ಜಾರಿ, ಹಂಡೆಯ ಕಟ್ಟೆ ಹಿಡಿದು ಹೇಗೋ ಸಾವರಿಸಿಕೊಂಡರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವರು ಬಾಗಿಲಿಗೆ ಚಿಲಕ ಹಾಕದೆಯೇ ಸ್ನಾನ ಮಾಡುತ್ತಾರೆ. ಏಕೆಂದು ನಾವು ಕೇಳಿಲ್ಲ, ಅವರೂ ಹೇಳಿಲ್ಲ. ಅವರು ಮತ್ತೆ ಧೈರ್ಯವಾಗಿ ಕಾಲಿಡುವಂಥ ಬಚ್ಚಲು ನಮಗೆ ಬೇಕು. ಯಾವುದನ್ನು ಮೊದಲು ಆರಿಸಬೇಕು, ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ರಸಮಟ್ಟ (ಬೆಂಗಳೂರು)

ನಮಸ್ಕಾರ ಮೇಡಂ. ನಾನು ಮನೆ ಕಟ್ಟಿಸುವ ಕೆಲಸದ ಉಸ್ತುವಾರಿಯಲ್ಲಿ ಬಹಳ ವರ್ಷ ಕಳೆದವನು. ನೀವು ಬರೆದುದರಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಉಗ್ರಾಣದ ಗೋಡೆಯ ಮೇಲೆ. ಹಳೆಯ ಟೈಲ್ಸಿನ ಮೇಲೆ ಹೊಸದನ್ನು ಅಂಟಿಸುವ ಪದ್ಧತಿ ಇರುವುದು ನಿಜ, ಕೆಳಗಿನ ಟೈಲ್ಸ್ ಗಟ್ಟಿಯಾಗಿದ್ದು ಗೋಡೆ ಒಣಗಿದ್ದರೆ ಅದು ನಿಲ್ಲುವುದೂ ನಿಜ. ಆದರೆ ನಿಮ್ಮಲ್ಲಿ ಪೈಪು ತುಕ್ಕು ಹಿಡಿದಿದೆ, ಗೋಡೆ ನೀರು ಕುಡಿಯುತ್ತಿದೆ, ನೆಲದ ಅಡಿಯಲ್ಲಿ ನೀರು ಎಲ್ಲಿ ಹೋಗುತ್ತಿದೆಯೋ ಯಾರಿಗೂ ಕಾಣುತ್ತಿಲ್ಲ. ಇಂಥ ಬಚ್ಚಲನ್ನು ಇಟ್ಟಿಗೆಯವರೆಗೆ ಕೆತ್ತಿ, ನೆಲವನ್ನು ಅಗೆದು, ಹೊಸದಾಗಿ ಕಟ್ಟಿಸುವುದೊಂದೇ ದಾರಿ. ನಾಲ್ಕು ದಿನದ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ.

ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ನೇರ ಉತ್ತರ ಹೇಳುತ್ತೇನೆ: ಮೊದಲು ಕಮೋಡು ಮತ್ತು ನಲ್ಲಿ ಸಾಮಾನು, ಆಮೇಲೆ ಟೈಲ್ಸ್. ಬಹುತೇಕ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಕಮೋಡಿನ ಹೊರದಾರಿ ನೆಲಕ್ಕೋ ಗೋಡೆಗೋ, ಗೋಡೆಯಿಂದ ಎಷ್ಟು ದೂರದಲ್ಲಿ ಎಂಬುದು ಗೊತ್ತಿಲ್ಲದೆ ಪ್ಲಂಬರ್ ಪೈಪ್ ಹಾಕಲಾರ. ಗೋಡೆಯೊಳಗೆ ಹೂಳುವ ಡೈವರ್ಟರ್ ತರುವುದಾದರಂತೂ ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆಗಳಿರುತ್ತವೆ. ಗಿಲಾವು, ಅಂಟು, ಟೈಲ್ಸ್ ಎಲ್ಲ ಸೇರಿ ಗೋಡೆಯ ಮುಖ ಆ ಎರಡು ಗೆರೆಗಳ ನಡುವೆ ಬಂದು ನಿಲ್ಲಬೇಕು. ವಸ್ತು ಕೈಯಲ್ಲಿಲ್ಲದೆ ಅಂದಾಜಿನ ಮೇಲೆ ಗೋಡೆ ಕೊರೆದರೆ, ಕೊನೆಯ ದಿನ ಹಿಡಿಕೆ ಕೂರಿಸುವಾಗ ಅದು ಒಳಗೆ ಹೂತುಹೋಗಿರುತ್ತದೆ ಅಥವಾ ಹೊರಗೆ ಚಾಚಿಕೊಂಡಿರುತ್ತದೆ, ಆಗ ಒಡೆಯಬೇಕಾದದ್ದು ಹೊಸ ಟೈಲ್ಸನ್ನೇ.

ಪೈಪ್ ವಿಷಯ ಚಿಕ್ಕದು. ಬಿಸಿನೀರಿಗೆ ಸಿ.ಪಿ.ವಿ.ಸಿ., ತಣ್ಣೀರಿಗೆ ಯು.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಪೈಪುಗಳನ್ನು ಹಾಕಿಸಿ, ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಿ ಮತ್ತು ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಎಂದಾದರೂ ಮೊಳೆ ಹೊಡೆಯುವ ದಿನ ಆ ಫೋಟೋ ಬೇಕಾಗುತ್ತದೆ.

ಇನ್ನು ನೀರು ತಡೆಯುವ ಲೇಪ. ದುಡ್ಡು ಹಾಕಬೇಕಾದ ಜಾಗ ಇದೇ. ನೆಲದ ಕಾಂಕ್ರೀಟು ಮತ್ತು ಗೋಡೆ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಾಗಿ ತುಂಬಿಸಿ, ಪಾಲಿಮರ್ ಬೆರೆತ ಸಿಮೆಂಟ್ ಲೇಪವನ್ನು ಒಂದಕ್ಕೊಂದು ಅಡ್ಡಲಾಗಿ ಎರಡು ಸಲ ಬಳಿಸಬೇಕು. ನೆಲದಿಂದ ಒಂದಡಿ ಎತ್ತರದವರೆಗೆ ಎಲ್ಲ ಗೋಡೆಗಳಿಗೂ, ಸ್ನಾನ ಮಾಡುವ ಕಡೆ ಆರಡಿಯವರೆಗೂ ಅದು ಹತ್ತಬೇಕು. ಪೈಪು ನೆಲವನ್ನು ತೂರಿ ಹೋಗುವ ಸುತ್ತಳತೆಯಲ್ಲಿ ಮತ್ತು ಬಚ್ಚಲ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಯ ಸುತ್ತ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಶುರುವಾದದ್ದು ಆ ಬಾಯಿಯಿಂದಲೇ. ಲೇಪ ಒಣಗಿದ ಮೇಲೆ ಟ್ರ್ಯಾಪನ್ನು ಬಟ್ಟೆ ತುರುಕಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದು, ಬಾಗಿಲು ಹಾಕಿ 48 ಗಂಟೆ ಬಿಡಿ. ಒಂದಿಷ್ಟು ಆವಿಯಾಗುವುದು ಸಹಜ, ಆದರೆ ಗೆರೆಯಿಂದ ಎದ್ದುಕಾಣುವಷ್ಟು ಕೆಳಗಿಳಿದಿದ್ದರೆ ಅಥವಾ ಉಗ್ರಾಣದ ಗೋಡೆ ತಣ್ಣಗಾಗಿದ್ದರೆ ಟೈಲ್ಸ್ ಕೆಲಸವನ್ನು ಶುರು ಮಾಡಲು ಬಿಡಬೇಡಿ. ಮೇಸ್ತ್ರಿಗಳು ಈ ಎರಡು ದಿನ ಸುಮ್ಮನೆ ಹೋಗುತ್ತದೆಂದು ಗೊಣಗುತ್ತಾರೆ; ಅವರ ಆ ಎರಡು ದಿನದ ಕೂಲಿಯನ್ನು ಬೇಕಾದರೆ ಕೊಟ್ಟುಬಿಡಿ.

ಟೈಲ್ಸ್ ಬಗ್ಗೆ ಒಂದು ಮಾತು. ಎರಡಡಿ–ನಾಲ್ಕಡಿಯ ಹಾಸನ್ನು ಬಚ್ಚಲ ನೆಲಕ್ಕೆ ಬೇಡವೆನ್ನಲು ಜಾರುವುದೊಂದೇ ಕಾರಣವಲ್ಲ. ನೆಲಕ್ಕೆ ವಾಟ ಬೇಕು. ನೂರಕ್ಕೆ ಒಂದರಂತೆ ಲೆಕ್ಕ ಹಾಕಿದರೂ ನಿಮ್ಮ ಎಂಟಡಿ ಉದ್ದಕ್ಕೆ ಒಂದಿಂಚಿನಷ್ಟು ಇಳಿಜಾರು ಬರಬೇಕು, ಅದೂ ನಾಲ್ಕು ದಿಕ್ಕಿನಿಂದ ಟ್ರ್ಯಾಪಿನ ಕಡೆಗೆ. ದೊಡ್ಡ ಹಾಸು ಬಾಗುವುದಿಲ್ಲ. ಅದನ್ನು ಲಕೋಟೆಯ ಹಿಂಬದಿಯಂತೆ ಕರ್ಣಕ್ಕೆ ಕತ್ತರಿಸಬೇಕಾಗುತ್ತದೆ, ಇಲ್ಲವಾದರೆ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಒಂದಡಿ–ಒಂದಡಿಯ ಮ್ಯಾಟ್ ಟೈಲ್ಸ್ ತೆಗೆದುಕೊಂಡರೆ ವಾಟ ತಾನಾಗಿ ಕೂರುತ್ತದೆ, ಸಂದುಗಳು ಹೆಚ್ಚಿರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ. ಜಾರದಿರುವ ಗುಣಕ್ಕೆ ಆರ್ 9ರಿಂದ ಆರ್ 13ರವರೆಗೆ ದರ್ಜೆಗಳಿವೆ, ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ; ನೀವು ಆರ್ 11 ಕೇಳಿ ಪಡೆಯಿರಿ. ಗೋಡೆಗೆ ಒಂದಡಿ–ಎರಡಡಿಯ ಸಾಮಾನ್ಯ ಸೆರಾಮಿಕ್ ಸಾಕು, ಅಲ್ಲಿ ಯಾರೂ ನಡೆಯುವುದಿಲ್ಲ, ದುಡ್ಡು ಉಳಿಸಬಹುದಾದ ಜಾಗ ಅದು. ಆದರೆ ನೆಲಕ್ಕೆ ವಿಟ್ರಿಫೈಡ್ ತಂದರೆ ಬರಿಯ ಸಿಮೆಂಟ್ ಗಾರೆಯ ಮೇಲೆ ಕೂರಿಸಬೇಡಿ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತನ್ನ ತೂಕದ ಶೇಕಡಾ 0.5ಕ್ಕಿಂತ ಕಡಿಮೆ, ಹಾಗಾಗಿ ಸಿಮೆಂಟಿನ ಹಾಲು ಅದರೊಳಗೆ ಇಳಿಯುವುದಿಲ್ಲ, ಹಿಡಿತ ಬರುವುದಿಲ್ಲ. ಅದಕ್ಕೆ ಟೈಲ್ಸ್ ಅಂಟೇ ಬೇಕು. ಸೆರಾಮಿಕ್ಕನ್ನು ಸಿಮೆಂಟಿನಲ್ಲಿ ಕೂರಿಸುವಾಗ ನೀರಿನಲ್ಲಿ ನೆನೆಹಾಕುವುದು ಸರಿ, ಅಂಟಿನಲ್ಲಿ ಕೂರಿಸುವಾಗ ನೆನೆಹಾಕುವುದು ತಪ್ಪು. ಹಳೆಯ ಅಭ್ಯಾಸದ ಕೆಲಸದವರು ಎರಡಕ್ಕೂ ನೆನೆಹಾಕುತ್ತಾರೆ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ನಲ್ಲಿಅಂಗಡಿ (ಹುಬ್ಬಳ್ಳಿ)

ಅಕ್ಕನವರೇ, ನಾನು ಹುಬ್ಬಳ್ಳಿಯಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವವನು. ಸಾಮಾನು ಮಾರುವವನಾಗಿಯೂ ಹೇಳುತ್ತೇನೆ, ಆ ಮೂರನೆಯ ಅಂಗಡಿಯವರು ಬರೆದುಕೊಟ್ಟ ಪಟ್ಟಿ ನಿಮ್ಮ ಮನೆಗೆ ಹೊಂದುವುದಿಲ್ಲ.

ಕಾರಣ ನೀರಿನ ಒತ್ತಡ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಬರುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕಿನ ತಳಕ್ಕೂ ಷವರಿನ ಬಾಯಿಗೂ ಇರುವ ಅಂತರ ಹೆಚ್ಚೆಂದರೆ ಎರಡು ಮೀಟರ್, ಅಂದರೆ 0.2 ಬಾರ್. ಚಾವಣಿಯ ದೊಡ್ಡ ಷವರಿಗೆ ಅದು ಯಾವ ಮೂಲೆಗೂ ಸಾಲದು. ಅಂಗಡಿಯಲ್ಲಿ ಪಂಪ್ ಜೋಡಿಸಿ ತೋರಿಸುವ ಮಳೆ ನಿಮ್ಮ ಮನೆಯಲ್ಲಿ ಹನಿಯಾಗಿ ತೊಟ್ಟಿಕ್ಕುತ್ತದೆ. ಹಾಗಾದರೆ ಪ್ರೆಶರ್ ಪಂಪ್ ಕೂರಿಸಿ ಎನ್ನುತ್ತಾರೆ. ನಿಮ್ಮಲ್ಲಿ ಸೋಲಾರ್ ಇದೆ ಎಂಬುದನ್ನು ಆಗ ಮರೆಯಬಾರದು. ಮನೆಗಳಲ್ಲಿ ಹೆಚ್ಚಾಗಿರುವ, ಗಾಳಿಕೊಳವೆ ಮೇಲೆದ್ದಿರುವ ಸೋಲಾರ್ ಟ್ಯಾಂಕು ಪಂಪಿನ ಒತ್ತಡ ತಡೆಯುವಂಥದ್ದಲ್ಲ. ತಣ್ಣೀರಿಗೆ ಮಾತ್ರ ಪಂಪ್ ಜೋಡಿಸಿದರೆ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ, ಬೆಳಿಗ್ಗೆ ಸೋಲಾರಿನಲ್ಲಿ ಬಿಸಿನೀರೇ ಇಲ್ಲವೆಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಪಂಪ್ ಹಾಕದಿದ್ದರೂ ಬಿಸಿನೀರಿನ ಸಾಲಿಗೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿಬಿಡಿ, ಅದರ ಬೆಲೆ ಹೆಚ್ಚಿಲ್ಲ.

ನಿಮ್ಮ ಅತ್ತೆಯವರು ಸ್ಟೂಲಿನ ಮೇಲೆ ಕುಳಿತು ಬಕೆಟ್ಟಿನಿಂದ ಸ್ನಾನ ಮಾಡುವವರೇ ಆಗಿರಬಹುದು. ಅವರಿಗೆ ಗೋಡೆಯ ಹೊರಗೇ ಇರುವ ವಾಲ್ ಮಿಕ್ಸರ್, ಕೆಳಗೆ ಬಕೆಟ್ಟಿಗೆ ಬಾಯಿ, ಮೇಲೆ ಸಣ್ಣ ಷವರ್, ಪಕ್ಕದಲ್ಲಿ ಕೈಷವರ್ ಇರುವ ಮಾದರಿ ಬಹಳ ಅನುಕೂಲ. ಇದಕ್ಕೆ ಗೋಡೆಯಲ್ಲಿ ಬೇಕಾದದ್ದು 150 ಮಿಲಿಮೀಟರ್ ಅಂತರದ ಎರಡು ಪಾಯಿಂಟ್ ಮಾತ್ರ. ಹೆಚ್ಚಿನ ಕಂಪನಿಗಳ ಮಿಕ್ಸರಿಗೂ ಅದೇ ಅಂತರವಾದ್ದರಿಂದ ಹತ್ತು ವರ್ಷದ ನಂತರ ಬೇರೆ ಕಂಪನಿಯದ್ದನ್ನು ತಂದರೂ ಗೋಡೆ ಮುಟ್ಟದೆ ಬದಲಾಯಿಸಬಹುದು. ಗಡಸು ನೀರಿನ ಊರುಗಳಲ್ಲಿ ನಲ್ಲಿಯೊಳಗಿನ ಸೆರಾಮಿಕ್ ಡಿಸ್ಕಿನ ಮೇಲೆ ಸುಣ್ಣ ಕಟ್ಟಿ ತಿರುಗಿಸಲು ಬಿಗಿಯಾಗುವುದು ಸಾಮಾನ್ಯ. ಹೊರಗಿನ ಮಿಕ್ಸರಾದರೆ ಬಿಚ್ಚಿ ಹೊಸ ಸ್ಪಿಂಡಲ್ (ಒಳಗಿನ ತಿರುಗುವ ಭಾಗ) ಹಾಕಿ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಗೋಡೆಯೊಳಗಿನದಾದರೆ, ಅದೇ ಮಾದರಿಯ ಬಿಡಿಭಾಗ ಆಗಲೂ ಸಿಗಬೇಕು.

ಕೊಳ್ಳುವಾಗ ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ. ಹಿತ್ತಾಳೆಯ ಮೈಯಿದ್ದರೆ ಅದರ ಭಾರ ಕೈಗೆ ಗೊತ್ತಾಗುತ್ತದೆ. ಎರಡು ನಲ್ಲಿಗಳನ್ನು ಎರಡು ಕೈಯಲ್ಲಿಟ್ಟುಕೊಂಡರೆ ಹಗುರವಾದದ್ದು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಿಯಲ್ಲಿರುವ ಜಾಲರಿಯನ್ನು ಕೈಯಿಂದ ಬಿಚ್ಚಲು ಬರುತ್ತದೆಯೇ ಎಂದು ಅಲ್ಲೇ ಬಿಚ್ಚಿ ನೋಡಿ, ಏಕೆಂದರೆ ಬೋರಿನ ನೀರಿಗೆ ಅದನ್ನು ತಿಂಗಳಿಗೊಮ್ಮೆ ತೊಳೆಯಬೇಕಾಗುತ್ತದೆ. ಬಟ್ಟೆ ಒಗೆಯುವ ಕಡೆ, ಹಿತ್ತಿಲ ಕಡೆ ದುಬಾರಿ ನಲ್ಲಿ ಬೇಡ, ಪಿ.ಟಿ.ಎಂ.ಟಿ. ಪ್ಲಾಸ್ಟಿಕ್ಕಿನವು ಗಡಸು ನೀರನ್ನು ಚೆನ್ನಾಗಿ ತಡೆಯುತ್ತವೆ.

ಕಮೋಡಿನ ವಿಷಯದಲ್ಲಿ ನಾನು ವಾರಕ್ಕೊಮ್ಮೆಯಾದರೂ ನೋಡುವ ಒಂದು ತಪ್ಪನ್ನು ಹೇಳಲೇಬೇಕು. ನೆಲಕ್ಕೆ ಹೊರದಾರಿಯಿರುವ ಕಮೋಡಿನ ಜೊತೆ ಕೊಡುವ ಅಳತೆ, ಗೋಡೆಯ ಮುಖದಿಂದ ಪೈಪಿನ ನಡುಮಧ್ಯಕ್ಕೆ ಇರುವ ದೂರ. ಆ ಗೋಡೆಯೆಂದರೆ ಟೈಲ್ಸ್ ಹಾಕಿ ಮುಗಿದ ಗೋಡೆ. ಪ್ಲಂಬರ್ ಬರುವುದು ಗೋಡೆ ಇಟ್ಟಿಗೆಯಾಗಿರುವಾಗ. ಅವನು ಇಟ್ಟಿಗೆಯಿಂದ ಒಂಬತ್ತಿಂಚು ಅಳೆದು ಪೈಪ್ ಹಾಕುತ್ತಾನೆ, ಆಮೇಲೆ ಗಿಲಾವು, ಟೈಲ್ಸ್ ಸೇರಿ ಒಂದೂವರೆ ಇಂಚು ತಿಂದುಹಾಕುತ್ತವೆ. ಹೋದ ತಿಂಗಳು ಒಬ್ಬ ಗಿರಾಕಿ ಹೀಗೆಯೇ ಕಮೋಡು ಕೂರದೆ ಹಿಂದಕ್ಕೆ ತಂದಿದ್ದರು. ಪೆಟ್ಟಿಗೆ ಬಿಚ್ಚಿ, ತಳಕ್ಕೆ ಬಿಳಿ ಸಿಮೆಂಟ್ ಹತ್ತಿದ ಮಾಲನ್ನು ಯಾವ ಕಂಪನಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಅವರ ಮುಖ ನೋಡಲಾಗಲಿಲ್ಲ. ಆದ್ದರಿಂದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಟೈಲ್ಸಿನ ದಪ್ಪ ಇಷ್ಟು ಎಂದು ಬರೆದು ತೋರಿಸಿ ಅಳೆಯಿಸಿ.

ಎತ್ತರವೂ ಮುಖ್ಯ. ಸಾಮಾನ್ಯ ಕಮೋಡು 400 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ, ಮೊಣಕಾಲು ನೋವಿರುವವರಿಗೆ 450ರ ಹತ್ತಿರ ಇದ್ದರೆ ಏಳಲು ಸುಲಭ. ಅತ್ತೆಯವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ, ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಫ್ಲಷ್ ಮೂರು ಲೀಟರ್, ಆರು ಲೀಟರ್ ಎಂದು ಎರಡು ಗುಂಡಿಯದಿರಲಿ. ಆ್ಯಂಗಲ್ ಕಾಕ್, ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರ್ಯಾಪ್, ಕನೆಕ್ಷನ್ ಪೈಪ್, ಹೆಲ್ತ್ ಫಾಸೆಟ್, ಜಾಲರಿ ಇವೆಲ್ಲ ಮೊದಲ ಅಂದಾಜಿನಲ್ಲಿ ಯಾರೂ ಬರೆಯದೆ ಕೊನೆಗೆ ಬಿಲ್ಲನ್ನು ಏರಿಸುವ ಸಾಮಾನುಗಳು, ಮೊದಲೇ ಬರೆಸಿಕೊಳ್ಳಿ.

ಕಡಲತಡಿ (ಮಂಗಳೂರು)

ರಸಮಟ್ಟ ಅವರ ಮಾತುಗಳೆಲ್ಲ ಸರಿ, ಆದರೆ ಆರ್ 11 ಎಂಬ ಒಂದು ಸಲಹೆಯನ್ನು ನಾನು ಒಪ್ಪಲಾರೆ. ಎಂಟು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಅದನ್ನೇ ಹಾಕಿಸಿದೆವು, ಅದೂ ಇದ್ದಲಿನಂಥ ಕಪ್ಪು ಬಣ್ಣದ್ದು. ಜಾರುವುದಿಲ್ಲ ಎಂಬುದು ಮೊದಲ ವರ್ಷ ನಿಜವಾಗಿತ್ತು. ಆದರೆ ನಮ್ಮಲ್ಲಿ ತಲೆಗೂ ಮೈಗೂ ತೆಂಗಿನೆಣ್ಣೆ ಹಚ್ಚಿಕೊಂಡು ಸ್ನಾನ ಮಾಡುವವರೇ ಎಲ್ಲ. ಆ ಎಣ್ಣೆ, ಸಾಬೂನಿನ ಜಿಡ್ಡು, ಗಡಸು ನೀರಿನ ಸುಣ್ಣ ಮೂರೂ ಸೇರಿ ಟೈಲ್ಸಿನ ತರಿಗಳ ನಡುವೆ ತುಂಬಿಕೊಂಡು, ಮೇಲ್ಮೈ ಮೇಣ ಹಚ್ಚಿದಂತಾಯಿತು. ತರಿ ಮುಚ್ಚಿಹೋದ ಮೇಲೆ ಅದು ಹೊಳಪಿನ ಟೈಲ್ಸಿಗಿಂತ ಹೆಚ್ಚು ಜಾರುತ್ತಿತ್ತು. ಬ್ರಷ್ಷಿನಿಂದ ಉಜ್ಜಿ ಉಜ್ಜಿ ನನ್ನ ಭುಜ ಹಿಡಿದುಕೊಂಡಿತು. ವಯಸ್ಸಾದವರಿಗಾಗಿ ಹಾಕಿಸಿದ ನೆಲವನ್ನು ವಯಸ್ಸಾದವರೇ ತೊಳೆಯಲಾಗದಿದ್ದರೆ ಏನು ಪ್ರಯೋಜನ? ಕೈಗೆ ಸಣ್ಣಗೆ ಒರಟು ತಗಲುವ, ಆದರೆ ಬಟ್ಟೆಯಿಂದ ಒರೆಸಿದರೆ ದಾರ ಸಿಕ್ಕಿಕೊಳ್ಳದಂಥ ಮ್ಯಾಟ್ ಟೈಲ್ಸ್ ತೆಗೆದುಕೊಳ್ಳಿ.

ಅಂಗಡಿಯಲ್ಲಿ ನಿಂತು ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಎರಡನೆಯ ಸಲ ಮಾಡಿಸಿದಾಗ ನಾನು ಮೂರು ಬಗೆಯ ಟೈಲ್ಸಿನ ಒಂದೊಂದು ಬಿಲ್ಲೆಯನ್ನು ದುಡ್ಡು ಕೊಟ್ಟು ಮನೆಗೆ ತಂದೆ. ಬಚ್ಚಲಲ್ಲೇ ಒದ್ದೆ ಗೋಣಿಚೀಲದ ಮೇಲೆ ಅಲುಗಾಡದಂತೆ ಇಟ್ಟು, ನೀರು ಸುರಿದು, ಸಾಬೂನು ತಿಕ್ಕಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಗೋಡೆ ಹಿಡಿದುಕೊಂಡು ಬರಿಗಾಲಿನ ಹೆಬ್ಬೆರಳಿನಿಂದ ಒತ್ತಿ ಜಾರಿಸಿ ನೋಡಿದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಒರಟಾಗಿ ಕಂಡದ್ದು ಎಣ್ಣೆ ಬಿದ್ದ ಕೂಡಲೇ ಸೋತಿತು. ಆಮೇಲೆ ಅವನ್ನು ಹಾಗೆಯೇ ಒಣಗಲು ಬಿಟ್ಟು ಮರುದಿನ ನೋಡಿದರೆ ಯಾವುದರ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ ಎಂಬುದೂ ಗೊತ್ತಾಯಿತು. ತಿಳಿ ಬೂದು ಅಥವಾ ಮರಳಿನ ಬಣ್ಣದ ಮೇಲೆ ಗಡಸು ನೀರಿನ ಕಲೆ ಕಾಣುವುದು ಕಡಿಮೆ. ಕಪ್ಪು ನಲ್ಲಿಗಳಿಗೂ ಇದೇ ಮಾತು. ಅವು ಚಿತ್ರದಲ್ಲಿ ಚೆಂದ, ಬೋರಿನ ನೀರು ಹರಿದರೆ ವಾರದಲ್ಲಿ ಬಿಳಿ ಗೆರೆಗಳು.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ನೆಲ ಎಷ್ಟೇ ಒಳ್ಳೆಯದಿದ್ದರೂ ಹಿಡಿದುಕೊಳ್ಳಲು ಕಂಬಿ ಬೇಕು. ನಿಮ್ಮ ಅತ್ತೆಯವರನ್ನು ಅಂದು ಉಳಿಸಿದ್ದು ಹಂಡೆಯ ಕಟ್ಟೆ, ನೆಲವಲ್ಲ. ಆ ಕಟ್ಟೆಯನ್ನು ಈಗ ಒಡೆಯುತ್ತಿದ್ದೀರಿ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಅದಕ್ಕೆಂದೇ ಇರುವ ದಪ್ಪ ಕಂಬಿಯನ್ನು 304 ದರ್ಜೆಯ ಸ್ಟೀಲಿನಲ್ಲಿ ಕೇಳಿ. ನಮ್ಮ ಕರಾವಳಿಯ ಗಾಳಿಗೆ ಕಡಿಮೆ ದರ್ಜೆಯವು ಎರಡೇ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ತೋರಿಸಿದವು. ಎತ್ತರವನ್ನು ಪ್ಲಂಬರಿನ ಅಂದಾಜಿಗೆ ಬಿಡದೆ, ಕಮೋಡಿನ ಜಾಗದಲ್ಲಿ ಅಷ್ಟೇ ಎತ್ತರದ ಕುರ್ಚಿ ಹಾಕಿ ಅವರನ್ನು ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಗೋಡೆಯ ಎಲ್ಲಿಗೆ ಹೋಗುತ್ತದೆಯೋ ಅಲ್ಲಿ ಗುರುತು ಮಾಡಿ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದರೆ ಇನ್ನೂ ಒಳ್ಳೆಯದು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ.

ರಸಮಟ್ಟ (ಬೆಂಗಳೂರು)

ಕಡಲತಡಿಯವರು ಹೇಳಿದ್ದನ್ನು ಒಪ್ಪುತ್ತೇನೆ, ನನ್ನ ಸಲಹೆಯನ್ನು ತಿದ್ದಿಕೊಳ್ಳುತ್ತೇನೆ. ಆರ್ ದರ್ಜೆಯ ಪರೀಕ್ಷೆಯನ್ನು ಮಾಡುವುದು ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ತೊಟ್ಟವರನ್ನು ನಡೆಸಿ. ಕಾರ್ಖಾನೆ, ಹೋಟೆಲಿನ ಅಡುಗೆಮನೆಗಳಿಗೆ ಅದು ಸರಿಯಾದ ಅಳತೆ. ಬರಿಗಾಲಿಗೆಂದು ಸಾಬೂನು ನೀರಿನ ಮೇಲೆ ಮಾಡುವ ಪರೀಕ್ಷೆ ಬೇರೆಯೇ ಇದೆ, ಅದರ ದರ್ಜೆಗಳು ಎ, ಬಿ, ಸಿ ಎಂದು. ಸ್ನಾನದ ಜಾಗಕ್ಕೆ ಬಿ ಕೇಳಬೇಕು. ಎಲ್ಲ ಅಂಗಡಿಗಳಲ್ಲಿ ಇದನ್ನು ಹೇಳುವವರು ಸಿಗುವುದಿಲ್ಲವಾದ್ದರಿಂದ, ಆರ್ 10ರ ಮ್ಯಾಟ್ ಟೈಲ್ಸನ್ನು ತಂದು ಅವರು ಹೇಳಿದ ಹೆಬ್ಬೆರಳಿನ ಪರೀಕ್ಷೆಯನ್ನು ಮಾಡುವುದೇ ನಿಮಗೆ ಉತ್ತಮ.

ಸಂದುಗಳಿಗೆ ನೆಲದಲ್ಲಾದರೂ ಎಪಾಕ್ಸಿ (ನೀರು ಹೀರದ ರಾಳದ ಮಿಶ್ರಣ) ತುಂಬಿಸಿ. ಸಿಮೆಂಟ್ ತುಂಬಿದ ಸಂದು ನೀರು ಹೀರಿ ಕಪ್ಪಾಗುತ್ತದೆ, ಬಚ್ಚಲು ತೊಳೆಯಲು ಆ್ಯಸಿಡ್ ಸುರಿಯುವ ಅಭ್ಯಾಸವಿರುವ ಮನೆಗಳಲ್ಲಂತೂ ಕರಗಿಯೇ ಹೋಗುತ್ತದೆ. ಎಪಾಕ್ಸಿ ಗಟ್ಟಿಯಾಗುವ ಮೊದಲೇ ಟೈಲ್ಸಿನ ಮೇಲೆ ಉಳಿದ ಪೊರೆಯನ್ನು ಒರೆಸಿ ತೆಗೆಯಬೇಕು, ಮರುದಿನ ಅದು ಏನು ಮಾಡಿದರೂ ಹೋಗುವುದಿಲ್ಲ. ಇದನ್ನು ಮೊದಲು ಮಾಡಿ ಅನುಭವವಿರುವವರಿಂದಲೇ ಮಾಡಿಸಿ. ಕಂಬಿ ಕೂರಿಸುವ ಗೋಡೆ ನಿಮ್ಮಲ್ಲಿ ಇಟ್ಟಿಗೆಯದಾದ್ದರಿಂದ ಚಿಂತೆಯಿಲ್ಲ, ಆದರೆ ತೂತು ಕೊರೆಯುವ ಮೊದಲು ಪೈಪಿನ ಫೋಟೋ ನೋಡಿಕೊಳ್ಳಿ. ಮುಂದೆ ಗೀಸರ್ ಹಾಕುವ ಯೋಚನೆಯಿದ್ದರೆ ಅದರ ಪಾಯಿಂಟಿಗೆ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಾನಾಗಿ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಈಗಲೇ ಹಾಕಿಸಿ.

ತುಳಸಿಕಟ್ಟೆ (ಮೈಸೂರು)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ನಾಲ್ಕು ಬಿಲ್ಲೆಗಳನ್ನು ಮನೆಗೆ ತಂದು ಸಾಬೂನು, ಎಣ್ಣೆ, ಸೀಗೆಪುಡಿ ಮೂರನ್ನೂ ಹಾಕಿ ನೋಡಿದೆವು. ಸೀಗೆಪುಡಿಯನ್ನು ಅತ್ತೆಯವರೇ ನೆನಪಿಸಿದರು. ತಿಳಿ ಬೂದು ಬಣ್ಣದ ಒಂದಡಿಯ ಮ್ಯಾಟ್ ಟೈಲ್ಸ್ ನಮ್ಮೆಲ್ಲರ ಕಾಲಿಗೂ ಒಪ್ಪಿಗೆಯಾಯಿತು. ನಲ್ಲಿಅಂಗಡಿಯವರು ಹೇಳಿದ ವಾಲ್ ಮಿಕ್ಸರನ್ನು, 450ರ ಕಮೋಡನ್ನು ಗೊತ್ತು ಮಾಡಿ ಬಂದಿದ್ದೇವೆ. ಅಂಗಡಿಯಲ್ಲಿ ಅತ್ತೆಯವರು ಮೊದಲು ಕೂರಲು ನಾಚಿದರು, ಆಮೇಲೆ ಐದು ಕಮೋಡುಗಳ ಮೇಲೆ ಕುಳಿತೆದ್ದು ತಾವೇ ಆರಿಸಿದರು.

ಕೊನೆಯದಾಗಿ ಒಂದು ಸಂದೇಹ. ಎಷ್ಟು ಟೈಲ್ಸ್ ಕೊಳ್ಳಬೇಕು? ಅಂಗಡಿಯವರು ಗೋಡೆಗೆ ಏಳಡಿ ಎತ್ತರಕ್ಕೆ 17 ಪೆಟ್ಟಿಗೆ ಸಾಕು, ಕಡಿಮೆ ಬಿದ್ದರೆ ಆಮೇಲೆ ಕೊಡುತ್ತೇವೆ ಎನ್ನುತ್ತಾರೆ. ಪೆಟ್ಟಿಗೆಗೆ ಒಂದಡಿ–ಎರಡಡಿಯ ಐದು ಟೈಲ್ಸ್ ಇರುತ್ತದೆ. ಬಾಗಿಲು ಎರಡೂವರೆ ಅಡಿ ಅಗಲ, ಏಳಡಿ ಎತ್ತರ.

ರಸಮಟ್ಟ (ಬೆಂಗಳೂರು)

ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ, ಏಳಡಿ ಎತ್ತರಕ್ಕೆ 182 ಚದರಡಿ. ಬಾಗಿಲಿನ ಹದಿನೇಳೂವರೆ ಕಳೆದರೆ 164.5 ಉಳಿಯಿತು. ಒಂದಡಿ–ಎರಡಡಿ ಎಂದು ಮಾರುವ ಟೈಲ್ಸಿನ ನಿಜವಾದ ಅಳತೆ 300–600 ಮಿಲಿಮೀಟರ್. ಅಡಿಯೆಂದರೆ 304.8 ಮಿಲಿಮೀಟರ್ ಆದ್ದರಿಂದ ಒಂದು ಟೈಲ್ಸ್ ಮುಚ್ಚುವುದು ಎರಡು ಚದರಡಿಯನ್ನಲ್ಲ, 1.94ನ್ನು. ಹಾಗಾಗಿ 85 ಟೈಲ್ಸ್ ಬೇಕು, ಅಂದರೆ ಅವರು ಹೇಳಿದ 17 ಪೆಟ್ಟಿಗೆ ಒಂದೂ ಒಡೆಯದಿದ್ದರೆ ಮಾತ್ರ ಸರಿಹೋಗುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ 94, ಪೆಟ್ಟಿಗೆಯ ಲೆಕ್ಕದಲ್ಲಿ 19 ತೆಗೆದುಕೊಳ್ಳಿ. ನೆಲದ 40 ಚದರಡಿಗೆ ಇದೇ ಲೆಕ್ಕದಲ್ಲಿ ಒಂದಡಿಯವು 47 ಬೇಕು.

ಆಮೇಲೆ ಕೊಡುತ್ತೇವೆ ಎಂಬ ಮಾತನ್ನು ನೆಚ್ಚಬೇಡಿ. ಅದೇ ಹೆಸರಿನ ಟೈಲ್ಸ್, ಅವು ತಯಾರಾಗುವ ಗುಜರಾತಿನ ಮೋರ್ಬಿಯಿಂದ ಇನ್ನೊಂದು ಸಲ ಬಂದಾಗ ಬಣ್ಣದ ಛಾಯೆ ಕೂದಲೆಳೆಯಷ್ಟು ಬೇರೆಯಿರುತ್ತದೆ, ಪೆಟ್ಟಿಗೆಯಲ್ಲಿ ಗೊತ್ತಾಗದ ಆ ವ್ಯತ್ಯಾಸ ಗೋಡೆಯಲ್ಲಿ ಪಟ್ಟಿಯಾಗಿ ಕಾಣುತ್ತದೆ. ಮಾಲು ಇಳಿಸುವಾಗ ನೀವೇ ನಿಂತು, ಪ್ರತಿ ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾಗಿರುವ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಎಂದು ನೋಡಿ, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಚ್ಚದ ಪೆಟ್ಟಿಗೆಯನ್ನು ಇಷ್ಟು ದಿನದೊಳಗೆ ವಾಪಸು ಪಡೆಯುತ್ತೇವೆ ಎಂಬುದನ್ನೂ ಅದೇ ಬಿಲ್ಲಿನಲ್ಲಿ ಬರೆಸಿ. ಎರಡು ಪೆಟ್ಟಿಗೆ ಬಿಚ್ಚಿಸಿ ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಅಥವಾ ಬೆರಳಿನಲ್ಲಿ ಒತ್ತಿದಾಗ ತೊಟ್ಟಿಲಿನಂತೆ ಅಲುಗಾಡಿದರೆ ಅವು ಬಾಗಿವೆ ಎಂದರ್ಥ, ಅಂಥ ಮಾಲನ್ನು ಗಾಡಿಯಿಂದ ಇಳಿಸಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಗೋಡೆಯದ್ದು ನಾಲ್ಕು, ನೆಲದ್ದು ನಾಲ್ಕು ಟೈಲ್ಸನ್ನು ಅಟ್ಟದ ಮೇಲೆ ಇಡಿ.